ಬೆಳಕಿಗೆ ಎಚ್ಚರವಾಗುವ ಔಷಧ: ವಿಸುಡೈನ್ ಪ್ರಕರಣದ ಅಧ್ಯಯನ

ಔಷಧವನ್ನು ಕೊಬ್ಬಿನ ಅತಿಸೂಕ್ಷ್ಮ ಕೋಶದಲ್ಲಿ, ಅಂದರೆ ಲೈಪೋಸೋಮಿನಲ್ಲಿ, ಇರಿಸಿ ರಕ್ತಕ್ಕೆ ಬಿಡುವುದು, ಆಮೇಲೆ ದೇಹದ ಯಾವ ಭಾಗದಲ್ಲಿ ಅದು ಬೇಕೋ ಅಲ್ಲಿ ಮಾತ್ರ ಬೆಳಕು ಹಾಯಿಸಿ ಅದನ್ನು ಕೆಲಸಕ್ಕೆ ಹಚ್ಚುವುದು: ಈ ಆಲೋಚನೆ ಪ್ರಯೋಗಾಲಯಗಳಲ್ಲಿ ಹತ್ತಾರು ರೂಪಗಳನ್ನು ತಾಳಿದೆ. ಇಲಿಗಳ ಹಂತವನ್ನು ದಾಟಿ, ಸಾವಿರಾರು ರೋಗಿಗಳ ಮೇಲೆ ವರ್ಷಗಟ್ಟಲೆ ಬಳಕೆಯಾಗಿ, ಲಾಭನಷ್ಟ ಎರಡರ ಲೆಕ್ಕವನ್ನೂ ನಮ್ಮ ಮುಂದಿಟ್ಟ ಉದಾಹರಣೆಗಳು ಮಾತ್ರ ಬಹಳ ಕಡಿಮೆ. ವಿಸುಡೈನ್ ಎಂಬ ಹೆಸರಿನಲ್ಲಿ ಮಾರಾಟವಾದ ವರ್ಟೆಪೋರ್ಫಿನ್ ಅಂಥದ್ದೊಂದು. 2000ದ ಏಪ್ರಿಲ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮೋದನೆ ಪಡೆದ ಈ ಔಷಧ, ಆರೇ ವರ್ಷಗಳಲ್ಲಿ ತನ್ನ ಮುಖ್ಯ ಬಳಕೆಯಿಂದ ಹಿಂದೆ ಸರಿಯಬೇಕಾಯಿತು. ಬೆಳಕಿನ ನಿಯಂತ್ರಣ ಅದರಲ್ಲಿ ಕೈಕೊಟ್ಟದ್ದು ಇದಕ್ಕೆ ಕಾರಣವಲ್ಲ. ಆ ನಿಯಂತ್ರಣ ಬಹುಮಟ್ಟಿಗೆ ಹೇಳಿದಂತೆಯೇ ನಡೆಯಿತು. ನಿಯಂತ್ರಣ ಚೆನ್ನಾಗಿದ್ದ ಔಷಧವೊಂದು ಏಕೆ ಸೋತಿತು, ಎಲ್ಲಿ ಉಳಿದುಕೊಂಡಿತು ಎಂಬುದೇ ಈ ಅಧ್ಯಯನದ ವಿಷಯ.

ರೋಗದ ಹಿನ್ನೆಲೆ

ವಯಸ್ಸಾದವರಲ್ಲಿ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಕ್ಷೀಣಿಸುವ ಕಾಯಿಲೆಯನ್ನು ಕಣ್ಣಿನ ವೈದ್ಯರು ಎಎಂಡಿ ಎಂದು ಚುಟುಕಾಗಿ ಕರೆಯುತ್ತಾರೆ. ಅದರಲ್ಲಿ ‘ವೆಟ್’ ಎನ್ನಲಾಗುವ ಬಗೆ ಸಂಖ್ಯೆಯಲ್ಲಿ ಕಡಿಮೆಯಾದರೂ ಹಾನಿಯಲ್ಲಿ ದೊಡ್ಡದು. ರೆಟಿನಾದ ಹಿಂದಿರುವ ಕೋರಾಯ್ಡ್ ಪದರದಿಂದ ಹೊಸ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಮೇಲಕ್ಕೆ ಬೆಳೆದು, ದ್ರವವನ್ನೂ ರಕ್ತವನ್ನೂ ಸೋರಿಸಿ, ಕೊನೆಗೆ ಗಾಯದ ಕಲೆಯನ್ನು ಬಿಟ್ಟುಹೋಗುತ್ತವೆ. ನಾವು ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಮ್ಯಾಕ್ಯುಲಾದ ನಟ್ಟನಡುವಿನ ಫೋವಿಯಾದ ಬಲದಿಂದ. ಈ ನಾಳಗಳು ಫೋವಿಯಾದ ಕೆಳಗೇ ಬೆಳೆದಾಗ ರೋಗಿಗೆ ಸುತ್ತಲಿನದು ಕಂಡರೂ ಎದುರಿನದು ಕಾಣದ ಸ್ಥಿತಿ ಬರುತ್ತದೆ.

1990ರ ದಶಕದವರೆಗೆ ಇದಕ್ಕಿದ್ದ ಉಪಾಯವೆಂದರೆ ಬಿಸಿ ಲೇಸರ್. ಅದು ನಾಳವನ್ನು ಸುಡುತ್ತಿತ್ತು, ಜೊತೆಗೆ ಅದರ ಮೇಲಿದ್ದ ರೆಟಿನಾವನ್ನೂ ಸುಡುತ್ತಿತ್ತು. ನಾಳ ಫೋವಿಯಾದಿಂದ ದೂರವಿದ್ದರೆ ಈ ನಷ್ಟವನ್ನು ಸಹಿಸಬಹುದಿತ್ತು; ಫೋವಿಯಾದ ಕೆಳಗೇ ಇದ್ದರೆ, ಮುಂದೆ ಹೋಗಬಹುದಾದ ದೃಷ್ಟಿಯನ್ನು ಚಿಕಿತ್ಸೆಯೇ ಇಂದು ಕಳೆದಂತಾಗುತ್ತಿತ್ತು. ಮೇಲಿನ ಪದರಕ್ಕೆ ಪೆಟ್ಟಾಗದಂತೆ ಕೆಳಗಿನ ನಾಳವನ್ನಷ್ಟೇ ಮುಚ್ಚುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿ ಬಂದದ್ದು ವರ್ಟೆಪೋರ್ಫಿನ್.

ಅಣು ಮತ್ತು ಅದರ ವಾಹನ

ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಡೇವಿಡ್ ಡಾಲ್ಫಿನ್ ಮತ್ತು ರೋಗನಿರೋಧಶಾಸ್ತ್ರಜ್ಞೆ ಜೂಲಿಯಾ ಲೆವಿ ಈ ಅಣುವಿನ ಹಿಂದಿರುವ ಪ್ರಮುಖರು. ಲೆವಿ ಸಹಸ್ಥಾಪಕಿಯಾಗಿದ್ದ ಕ್ಯುಎಲ್‌ಟಿ ಕಂಪನಿಯು ಫೋಟೊಫ್ರಿನ್ ಎಂಬ ಹಳೆಯ ಬೆಳಕು-ಔಷಧವನ್ನು ಕ್ಯಾನ್ಸರ್ ಚಿಕಿತ್ಸೆಗಾಗಿ ಮೊದಲೇ ಕೈಗೆತ್ತಿಕೊಂಡಿತ್ತು. ಆ ಔಷಧದ ದೋಷಗಳು ಅವರಿಗೆ ಚೆನ್ನಾಗಿ ಗೊತ್ತಿದ್ದವು: ಚುಚ್ಚುಮದ್ದು ಕೊಟ್ಟ ಮೇಲೆ ಬೆಳಕು ಹಾಯಿಸಲು 40ರಿಂದ 50 ಗಂಟೆ ಕಾಯಬೇಕು, ಆಮೇಲೆ ಕನಿಷ್ಠ 30 ದಿನ ರೋಗಿ ಬಿಸಿಲಿಗೆ ಹೋಗಬಾರದು, ಏಕೆಂದರೆ ಅದು ಚರ್ಮದಲ್ಲಿ ತಂಗಿರುತ್ತದೆ. ವರ್ಟೆಪೋರ್ಫಿನ್ ಈ ಎರಡೂ ವಿಷಯಗಳಲ್ಲಿ ಬೇರೆಯಾಗಿತ್ತು. ಅದು ಬೇಗ ಸೇರುತ್ತಿತ್ತು, ಬೇಗ ಹೊರಬೀಳುತ್ತಿತ್ತು. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 5ರಿಂದ 6 ಗಂಟೆ. ಕ್ಯಾನ್ಸರಿಗೆಂದು ಹೊರಟ ಸಂಶೋಧನೆ ಕಣ್ಣಿನ ಕಡೆಗೆ ತಿರುಗಿದ್ದಕ್ಕೆ ವೈಜ್ಞಾನಿಕ ಕಾರಣಗಳಿದ್ದವು. ಲೆವಿಯವರ ತಾಯಿಗೂ ಎಎಂಡಿ ಇತ್ತು ಎಂಬ ವಿಚಾರವೂ ಪ್ರಸಿದ್ಧವಾಗಿದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಕಣ್ಣು ಮತ್ತು ಕಿವಿ ಆಸ್ಪತ್ರೆಯಲ್ಲಿ ಜೋನ್ ಮಿಲ್ಲರ್ ಮತ್ತು ಇವಾಂಜೆಲೋಸ್ ಗ್ರಾಗೌಡಾಸ್ ಅವರ ತಂಡವು ಮಂಗಗಳ ಕಣ್ಣಿನಲ್ಲಿ ಇಂಥ ನಾಳಗಳನ್ನು ಬೆಳೆಸಿ, ಅವನ್ನು ಈ ಔಷಧದಿಂದ ಮುಚ್ಚಬಹುದೆಂದು ತೋರಿಸಿತು. ಯುರೋಪಿನಲ್ಲಿ ಉರ್ಸುಲಾ ಶ್ಮಿಟ್-ಎರ್ಫುರ್ಟ್ ಅದೇ ದಾರಿಯಲ್ಲಿ ಕೆಲಸ ಮಾಡಿದರು.

ಈ ಅಣುವಿಗೆ ನೀರಿನಲ್ಲಿ ಕರಗುವ ಗುಣ ಇಲ್ಲವೆಂದೇ ಹೇಳಬೇಕು. ಅದಕ್ಕಾಗಿಯೇ ಲೈಪೋಸೋಮ್. ಔಷಧದ ಬಾಟಲಿಯಲ್ಲಿರುವುದು ಒಣಗಿಸಿದ ಗಾಢ ಹಸಿರು ಬಣ್ಣದ ಗಟ್ಟಿ: 15 ಮಿಲಿಗ್ರಾಂ ವರ್ಟೆಪೋರ್ಫಿನ್, ಲ್ಯಾಕ್ಟೋಸ್, ಮೊಟ್ಟೆಯಿಂದ ತೆಗೆದ ಫಾಸ್ಫಟಿಡಿಲ್‌ಗ್ಲಿಸರಾಲ್, ಡೈಮಿರಿಸ್ಟಾಯ್ಲ್ ಫಾಸ್ಫಟಿಡಿಲ್‌ಕೋಲೀನ್, ಮತ್ತು ಆಕ್ಸಿಡೀಕರಣ ತಡೆಯುವ ಎರಡು ವಸ್ತುಗಳು. ಆಕ್ಸಿಡೀಕರಣದಿಂದಲೇ ಕೆಲಸ ಮಾಡಬೇಕಾದ ಔಷಧಕ್ಕೆ ಬಾಟಲಿಯಲ್ಲಿ ಅದೇ ಕ್ರಿಯೆಯ ವಿರುದ್ಧ ಕಾವಲಿರುವುದು ಸ್ವಾರಸ್ಯದ ಸಂಗತಿ.

ಹೆಸರಿನಲ್ಲಿ ‘ಫಾಸ್ಫಟಿಡಿಲ್’ ಇರುವ ಎರಡೂ ಫಾಸ್ಫೋಲಿಪಿಡ್‌ಗಳು, ಅಂದರೆ ಲೈಪೋಸೋಮಿನ ಪೊರೆ ಕಟ್ಟುವ ಕೊಬ್ಬುಗಳು. ಇಲ್ಲಿ ನಿಂತು ನೋಡಬೇಕಾದ್ದು ಅವುಗಳಲ್ಲಿ ಎರಡನೆಯದರ ಸ್ವಭಾವ. ಡೈಮಿರಿಸ್ಟಾಯ್ಲ್ ಫಾಸ್ಫಟಿಡಿಲ್‌ಕೋಲೀನಿನ ಪೊರೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬಿಗಿಯಾದ ಸ್ಥಿತಿಯಿಂದ ಸಡಿಲವಾದ, ಹರಿಯುವಂಥ ಸ್ಥಿತಿಗೆ ಬರುತ್ತದೆ. ಆದ್ದರಿಂದ 37 ಡಿಗ್ರಿಯ ರಕ್ತದಲ್ಲಿ ಅದು ಬಿಗಿಯಾಗಿ ಉಳಿಯುವುದಿಲ್ಲ. ಹೋಲಿಕೆಗೆ, ಕ್ಯಾನ್ಸರಿಗೆ ಕೊಡುವ ಡಾಕ್ಸಿಲ್ ಎಂಬ ಲೈಪೋಸೋಮ್ ಔಷಧದಲ್ಲಿ 50 ಡಿಗ್ರಿಗೂ ಮೇಲೆ ಸಡಿಲಗೊಳ್ಳುವ ಫಾಸ್ಫೋಲಿಪಿಡ್, ಕೊಲೆಸ್ಟರಾಲ್ ಮತ್ತು ಹೊರಗೆ ಪಾಲಿಎಥಿಲೀನ್ ಗ್ಲೈಕಾಲಿನ ಹೊದಿಕೆ ಇವೆ. ಅದರ ಉದ್ದೇಶವೇ ದಿನಗಟ್ಟಲೆ ಔಷಧವನ್ನು ಒಳಗೆ ಹಿಡಿದಿಡುವುದು. ವಿಸುಡೈನಿನಲ್ಲಿ ಕೊಲೆಸ್ಟರಾಲೂ ಇಲ್ಲ, ಹೊದಿಕೆಯೂ ಇಲ್ಲ. ಅದರ ಲೈಪೋಸೋಮ್ ರಕ್ತಕ್ಕೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಔಷಧವನ್ನು ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ಲಿಪೋಪ್ರೋಟೀನುಗಳಿಗೆ, ವಿಶೇಷವಾಗಿ ಅವುಗಳಲ್ಲೊಂದಾದ ಎಲ್‌ಡಿಎಲ್‌ಗೆ, ಒಪ್ಪಿಸಿಬಿಡುತ್ತದೆ. ಹೊಸದಾಗಿ ಬೆಳೆಯುತ್ತಿರುವ ನಾಳಗಳ ಒಳಗೋಡೆಯ ಜೀವಕೋಶಗಳಲ್ಲಿ ಎಲ್‌ಡಿಎಲ್ ಗ್ರಾಹಕಗಳು ಹೆಚ್ಚಾಗಿರುವುದರಿಂದ ಔಷಧ ಅಲ್ಲಿ ಹೆಚ್ಚು ಸೇರುತ್ತದೆ. ಬೆಳಕು ಈ ಲೈಪೋಸೋಮನ್ನು ಒಡೆಯುವುದಿಲ್ಲ. ಬೆಳಕು ಬೀಳುವ ಹೊತ್ತಿಗೆ ಲೈಪೋಸೋಮಿನ ಪಾತ್ರ ಬಹುಪಾಲು ಮುಗಿದೇ ಹೋಗಿರುತ್ತದೆ. ‘ಬೆಳಕಿನಿಂದ ಚಾಲನೆಗೊಳ್ಳುವ ಲೈಪೋಸೋಮ್’ ಎಂಬ ವಿವರಣೆಯನ್ನು ವಿಸುಡೈನಿಗೆ ಅನ್ವಯಿಸುವಾಗ ಈ ವ್ಯತ್ಯಾಸವನ್ನು ಮರೆತರೆ ಮುಂದಿನದೆಲ್ಲ ತಪ್ಪಾಗಿ ಅರ್ಥವಾಗುತ್ತದೆ. ಇಲ್ಲಿ ವಾಹನದ ಬೀಗ ತೆರೆಯುವ ಕೆಲಸ ಬೆಳಕಿನದಲ್ಲ, ಸರಕನ್ನು ಎಚ್ಚರಿಸುವ ಕೆಲಸ ಬೆಳಕಿನದು.

ಚಿಕಿತ್ಸೆಯ ಗಡಿಯಾರ

ಬಾಟಲಿಯ ಗಟ್ಟಿಯನ್ನು 7 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ ಮಿಲಿಲೀಟರಿಗೆ 2 ಮಿಲಿಗ್ರಾಂನಂತೆ ದ್ರಾವಣ ಸಿಗುತ್ತದೆ. ಡೋಸ್ ನಿರ್ಧಾರವಾಗುವುದು ತೂಕದಿಂದಲ್ಲ, ದೇಹದ ಮೇಲ್ಮೈ ವಿಸ್ತಾರದಿಂದ: ಚದರ ಮೀಟರಿಗೆ 6 ಮಿಲಿಗ್ರಾಂ. 1.7 ಚದರ ಮೀಟರ್ ಮೇಲ್ಮೈಯ ವಯಸ್ಕರೊಬ್ಬರಿಗೆ 10.2 ಮಿಲಿಗ್ರಾಂ, ಅಂದರೆ ಆ ದ್ರಾವಣದ 5.1 ಮಿಲಿಲೀಟರ್. ಇದನ್ನು ಶೇ. 5ರ ಡೆಕ್ಸ್‌ಟ್ರೋಸ್ ದ್ರಾವಣದಲ್ಲಿ ಬೆರೆಸಿ ಒಟ್ಟು 30 ಮಿಲಿಲೀಟರ್ ಮಾಡಿ, 10 ನಿಮಿಷಗಳಲ್ಲಿ ರಕ್ತನಾಳಕ್ಕೆ ಹರಿಸುತ್ತಾರೆ. ಆಸ್ಪತ್ರೆಯಲ್ಲಿ ಕೈಗೆ ಮೊದಲು ಸಿಗುವ ಸಲೈನನ್ನು ಇಲ್ಲಿ ಬಳಸುವಂತಿಲ್ಲ. ಉಪ್ಪಿನ ದ್ರಾವಣದಲ್ಲಿ ಈ ಔಷಧ ಗಷ್ಟಾಗಿ ಕೆಳಗಿಳಿಯುತ್ತದೆ. ಕರಗಿಸಿದ ಔಷಧವನ್ನು ಬೆಳಕಿನಿಂದ ಮರೆಮಾಡಿ 4 ಗಂಟೆಯೊಳಗೆ ಬಳಸಿ ಮುಗಿಸಬೇಕು.

ಹರಿಸಲು ಶುರುಮಾಡಿದ 15 ನಿಮಿಷಕ್ಕೆ ಸರಿಯಾಗಿ ಲೇಸರ್ ಹಾಯಿಸಬೇಕು. ಅದರ ತರಂಗಾಂತರ 689 ನ್ಯಾನೊಮೀಟರ್: ರಕ್ತವನ್ನೂ ರೆಟಿನಾದ ವರ್ಣಕಗಳನ್ನೂ ಸಾಕಷ್ಟು ದಾಟಬಲ್ಲ ಕೆಂಪು ಬೆಳಕು, ವರ್ಟೆಪೋರ್ಫಿನ್ ಹೀರಬಲ್ಲ ಬೆಳಕು ಕೂಡ. ಪ್ರತಿ ಚದರ ಸೆಂಟಿಮೀಟರಿಗೆ 600 ಮಿಲಿವ್ಯಾಟ್‌ನಂತೆ 83 ಸೆಕೆಂಡು ಹಾಯಿಸಿದರೆ 50 ಜೂಲ್ ತಲುಪುತ್ತದೆ. ಈ ತೀವ್ರತೆ ರೆಟಿನಾವನ್ನು ಬಿಸಿಯಿಂದ ಸುಡುವಷ್ಟಿಲ್ಲ. ಬೆಳಕನ್ನು ಹೀರಿದ ಅಣು ತನ್ನ ಶಕ್ತಿಯನ್ನು ಹತ್ತಿರದ ಆಮ್ಲಜನಕಕ್ಕೆ ವರ್ಗಾಯಿಸಿ ಸಿಂಗ್ಲೆಟ್ ಆಕ್ಸಿಜನ್ ಎಂಬ ತೀಕ್ಷ್ಣ ರೂಪವನ್ನು ಹುಟ್ಟಿಸುತ್ತದೆ. ಅದು ಹುಟ್ಟಿದ ಜಾಗದಿಂದ ದೂರ ಹೋಗುವಷ್ಟು ಹೊತ್ತು ಬದುಕುವುದೇ ಇಲ್ಲ, ಹಾಗಾಗಿ ಪೆಟ್ಟು ಬೀಳುವುದು ಔಷಧ ಕುಳಿತಿರುವ ಒಳಗೋಡೆಗೆ. ಗೋಡೆ ಹಾನಿಗೊಂಡಾಗ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ, ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚಿಕೊಳ್ಳುತ್ತದೆ.

ಎಷ್ಟು ಬೆಳಕು ಸರಿ ಎಂಬುದನ್ನು ಆರಂಭದ ಮಾನವ ಪ್ರಯೋಗಗಳಲ್ಲಿ ಹುಡುಕಿದರು. 150 ಜೂಲ್ ತಲುಪಿದಾಗ ರೆಟಿನಾದ ಆರೋಗ್ಯವಂತ ನಾಳಗಳೂ ಮುಚ್ಚತೊಡಗಿದವು. ಎಂದರೆ ‘ಆಯ್ದ ನಾಳಕ್ಕೆ ಮಾತ್ರ’ ಎಂಬ ಗುಣ ಅಣುವಿನೊಳಗೆ ಅಂತರ್ಗತವಾಗಿ ಇದ್ದದ್ದಲ್ಲ; ಡೋಸ್, ಕಾಯುವ ನಿಮಿಷಗಳು ಮತ್ತು ಬೆಳಕಿನ ಪ್ರಮಾಣ ಈ ಮೂರರ ಹೊಂದಾಣಿಕೆಯಲ್ಲಿ ಸಿಕ್ಕ ಒಂದು ಕಿರಿದಾದ ಅವಕಾಶ ಅದು.

ಜಾಗದ ನಿಯಂತ್ರಣವೂ ಇಷ್ಟೇ ಕಟ್ಟುನಿಟ್ಟು. ರಕ್ತಕ್ಕೆ ಹೊಳೆಯುವ ಬಣ್ಣ ಬಿಟ್ಟು ಕಣ್ಣಿನ ನಾಳಗಳ ಚಿತ್ರ ತೆಗೆಯುವ ಫ್ಲೋರೆಸಿನ್ ಆ್ಯಂಜಿಯೋಗ್ರಫಿಯಲ್ಲಿ ಕಂಡ ಗಾಯದ, ಅಂದರೆ ಹೊಸ ನಾಳಗಳು ಬೆಳೆದ ಜಾಗದ, ಅತಿ ಉದ್ದದ ಅಳತೆಗೆ 1000 ಮೈಕ್ರಾನ್ ಸೇರಿಸಿ ಬೆಳಕಿನ ವೃತ್ತದ ವ್ಯಾಸವನ್ನು ಗೊತ್ತುಮಾಡುತ್ತಾರೆ, ಎಲ್ಲ ಕಡೆಗೂ 500 ಮೈಕ್ರಾನ್ ಅಂಚು ಸಿಗಲೆಂದು. ದೃಷ್ಟಿನರದ ಅಂಚಿನಿಂದ 200 ಮೈಕ್ರಾನ್ ದೂರ ಬಿಡಬೇಕು. ಎರಡೂ ಕಣ್ಣಿಗೆ ಒಟ್ಟಿಗೆ ಚಿಕಿತ್ಸೆ ಕೊಡುವುದಾದರೆ ಒಮ್ಮೆ ಕೊಟ್ಟ ಔಷಧದಲ್ಲೇ ಮುಗಿಸಬೇಕು, ಎರಡನೆಯ ಕಣ್ಣಿನ ಬೆಳಕು 20ನೆಯ ನಿಮಿಷವನ್ನು ದಾಟಬಾರದು.

ಚಿಕಿತ್ಸಾ ಕೊಠಡಿಯಿಂದ ಹೊರಬಂದ ಮೇಲೂ ಔಷಧ ದೇಹದಲ್ಲಿರುತ್ತದೆ, ಮತ್ತು ಅದಕ್ಕೆ ಲೇಸರ್ ಯಾವುದು, ಬಿಸಿಲು ಯಾವುದು ಎಂಬ ಭೇದ ತಿಳಿಯದು. ಆದ್ದರಿಂದ 5 ದಿನ ಬಿಸಿಲಿಗೆ ಮೈಯೊಡ್ಡಬಾರದು. ತುಂಬುತೋಳಿನ ಬಟ್ಟೆ, ಟೊಪ್ಪಿ, ಕಪ್ಪು ಕನ್ನಡಕ ಬೇಕು. ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಸಾಕೆಂದುಕೊಂಡರೆ ಅದು ತಪ್ಪು, ಏಕೆಂದರೆ ಅದು ತಡೆಯುವುದು ಅತಿನೇರಳೆ ಕಿರಣಗಳನ್ನು, ಈ ಔಷಧ ಎಚ್ಚರಗೊಳ್ಳುವುದು ಕಣ್ಣಿಗೆ ಕಾಣುವ ಬೆಳಕಿಗೆ. ಹಾಗೆಂದು ಕತ್ತಲ ಕೋಣೆಯಲ್ಲಿ ಕೂರುವುದೂ ಬೇಡ. ಮನೆಯೊಳಗಿನ ಸಾಧಾರಣ ಬೆಳಕು ಚರ್ಮದಲ್ಲಿ ಉಳಿದ ಔಷಧವನ್ನು ನಿಧಾನವಾಗಿ ನಿಷ್ಕ್ರಿಯಗೊಳಿಸುತ್ತದೆ ಎಂಬ ಕಾರಣಕ್ಕೆ ಅಂಥ ಬೆಳಕಿನಲ್ಲಿ ಇರುವಂತೆಯೇ ಸೂಚಿಸುತ್ತಾರೆ. 48 ಗಂಟೆಯೊಳಗೆ ತುರ್ತು ಶಸ್ತ್ರಚಿಕಿತ್ಸೆ ಬೇಕಾದರೆ ಆಪರೇಷನ್ ಥಿಯೇಟರಿನ ಪ್ರಖರ ದೀಪದಿಂದ ಒಳ ಅಂಗಾಂಶಗಳನ್ನು ಮರೆಮಾಡಬೇಕು. ಸೂಜಿಯ ಜಾಗದಲ್ಲಿ ಔಷಧ ನಾಳದಿಂದ ಹೊರಕ್ಕೆ ಸೋರಿದರೆ ಆ ಭಾಗವನ್ನು ಊತ ಮತ್ತು ಬಣ್ಣ ಇಳಿಯುವವರೆಗೆ ಬೆಳಕಿನಿಂದ ಮುಚ್ಚಿಡಬೇಕು. ಬೆಳಕನ್ನು ಗುಂಡಿಯಾಗಿ ಬಳಸುವ ಯಾವ ಔಷಧಕ್ಕೂ ಈ ತೊಡಕು ತಪ್ಪಿದ್ದಲ್ಲ ಎಂಬುದು ಪ್ರಯೋಗಾಲಯದ ವರದಿಗಳಲ್ಲಿ ಅಷ್ಟಾಗಿ ಕಾಣದ ಮಾತು. ಇಲಿಗಳನ್ನು ಯಾರೂ ಮಧ್ಯಾಹ್ನದ ಬಿಸಿಲಿಗೆ ಮನೆಗೆ ಕಳಿಸುವುದಿಲ್ಲ.

ಪರೀಕ್ಷೆಯ ಫಲಿತಾಂಶ

ಅನುಮೋದನೆಗೆ ಆಧಾರವಾದದ್ದು ಟ್ಯಾಪ್ ಎಂಬ ಹೆಸರಿನ ಅಧ್ಯಯನ. ಯುರೋಪ್ ಮತ್ತು ಉತ್ತರ ಅಮೆರಿಕದ 22 ಕೇಂದ್ರಗಳಲ್ಲಿ 609 ರೋಗಿಗಳು ಭಾಗವಹಿಸಿದ್ದರು. 402 ಮಂದಿಗೆ ವರ್ಟೆಪೋರ್ಫಿನ್, 207 ಮಂದಿಗೆ ಬರೀ ಡೆಕ್ಸ್‌ಟ್ರೋಸ್. ಬೆಳಕು ಮಾತ್ರ ಇಬ್ಬರಿಗೂ. ದೃಷ್ಟಿಫಲಕದಲ್ಲಿ 15 ಅಕ್ಷರಗಳಿಗಿಂತ ಕಡಿಮೆ ನಷ್ಟವಾದವರನ್ನು ‘ಉಳಿದವರು’ ಎಂದು ಎಣಿಸಿದರು. 1999ರಲ್ಲಿ ಪ್ರಕಟವಾದ ಒಂದು ವರ್ಷದ ಫಲಿತಾಂಶದಂತೆ ಔಷಧ ಪಡೆದವರಲ್ಲಿ ಶೇ. 61, ಪಡೆಯದವರಲ್ಲಿ ಶೇ. 46 ಮಂದಿ ಈ ಮಟ್ಟದಲ್ಲಿ ಉಳಿದರು. ಎರಡು ವರ್ಷಕ್ಕೆ ಈ ಅಂಕಿಗಳು ಶೇ. 53 ಮತ್ತು ಶೇ. 38. ಆ್ಯಂಜಿಯೋಗ್ರಫಿಯಲ್ಲಿ ಸ್ಪಷ್ಟವಾಗಿ ತೋರುವ, ‘ಕ್ಲಾಸಿಕ್’ ಎನ್ನಲಾಗುವ ನಾಳಗಳೇ ಗಾಯದ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗವನ್ನು ತುಂಬಿದ್ದ ರೋಗಿಗಳಲ್ಲಿ ಲಾಭ ಎದ್ದು ಕಂಡಿತು: ಒಂದು ವರ್ಷಕ್ಕೆ ಶೇ. 67, ಅದಕ್ಕೆದುರಾಗಿ ಶೇ. 39. ಅಮೆರಿಕದ ಮೊದಲ ಅನುಮೋದನೆ ಈ ಗುಂಪಿಗೇ ಸೀಮಿತವಾಗಿತ್ತು.

ಸುರಕ್ಷತೆಯ ಲೆಕ್ಕವೂ ಸಮಾಧಾನಕರವಾಗಿಯೇ ಇತ್ತು. ಔಷಧ ಹರಿಯುವಾಗ ಕೆಲವರಿಗೆ ಬೆನ್ನುನೋವು ಬರುತ್ತಿತ್ತು. ಚಿಕಿತ್ಸೆಯಾದ 7 ದಿನಗಳೊಳಗೆ ನಾಲ್ಕು ಸಾಲು ಅಥವಾ ಅದಕ್ಕೂ ಹೆಚ್ಚಿನ ದೃಷ್ಟಿನಷ್ಟ ಶೇ. 1ರಿಂದ 5 ಮಂದಿಯಲ್ಲಿ ಕಂಡಿತು. ಕೆಲವರಲ್ಲಿ ಅದು ಭಾಗಶಃ ಮರಳಿತು. ಬಿಸಿ ಲೇಸರಿನ ಕಾಲದ ವೈದ್ಯರಿಗೆ ಇದು ದೊಡ್ಡ ಮುನ್ನಡೆ ಎನಿಸಿದ್ದು ಸಹಜ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇತ್ತು. ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ ಸೋರಿಕೆ ಕಂಡರೆ ಮತ್ತೆ ಚಿಕಿತ್ಸೆ ಕೊಡುವುದು ನಿಯಮ. ಮೊದಲ ವರ್ಷದಲ್ಲಿ ಸರಾಸರಿ 3.4 ಬಾರಿ, ಎರಡು ವರ್ಷದಲ್ಲಿ 5.6 ಬಾರಿ ಚಿಕಿತ್ಸೆ ಬೇಕಾಯಿತು. ಆರಂಭದ ಪ್ರಯೋಗಗಳಲ್ಲೇ, ಮುಚ್ಚಿದ ನಾಳಗಳಲ್ಲಿ ಬಹುತೇಕ ಎಲ್ಲವೂ 4ರಿಂದ 12 ವಾರಗಳಲ್ಲಿ ಒಂದಷ್ಟಾದರೂ ಮತ್ತೆ ಸೋರತೊಡಗಿದ್ದು ದಾಖಲಾಗಿತ್ತು. ನಾಳವನ್ನು ಬೆಳೆಯಲು ಪ್ರೇರೇಪಿಸುವ ವಿಇಜಿಎಫ್ ಎಂಬ ಪ್ರೋಟೀನಿನ ಮೇಲೆ ಈ ಚಿಕಿತ್ಸೆಗೆ ಹಿಡಿತವಿರಲಿಲ್ಲ. ಅಷ್ಟೇ ಅಲ್ಲ, ನಾಳ ಮುಚ್ಚಿ ಆಮ್ಲಜನಕ ಕಡಿಮೆಯಾದ ಅಂಗಾಂಶದಲ್ಲಿ ವಿಇಜಿಎಫ್ ಹೆಚ್ಚುತ್ತದೆ ಎಂಬುದಕ್ಕೂ ಪುರಾವೆ ಸಿಕ್ಕಿತು. ಬೇರು ಬಿಟ್ಟು ಕೊಂಬೆ ಸವರಿದಂತಾಗಿತ್ತು.

2006

ರಾನಿಬಿಜುಮ್ಯಾಬ್ ಎಂಬ ಪ್ರತಿಕಾಯ ತುಣುಕು ವಿಇಜಿಎಫ್ ಅನ್ನೇ ಹಿಡಿದು ಕಟ್ಟಿಹಾಕುತ್ತದೆ. ಇದನ್ನು ತಿಂಗಳಿಗೊಮ್ಮೆ ನೇರವಾಗಿ ಕಣ್ಣುಗುಡ್ಡೆಯೊಳಗೆ ಚುಚ್ಚಬೇಕು. ಬೆಳಕಿಲ್ಲ, ಲೈಪೋಸೋಮಿಲ್ಲ, ಗಾಯದ ಅಂಚನ್ನು ಅಳೆದು ವೃತ್ತ ಬಿಡಿಸುವ ಸೂಕ್ಷ್ಮತೆಯಿಲ್ಲ. ಔಷಧ ಇಡೀ ಕಣ್ಣಿನೊಳಗೆ ಹರಡಿಕೊಳ್ಳುತ್ತದೆ. ಆಂಕರ್ ಎಂಬ ಅಧ್ಯಯನದಲ್ಲಿ 423 ರೋಗಿಗಳ ಮೇಲೆ ಇದನ್ನು ವರ್ಟೆಪೋರ್ಫಿನ್ನಿಗೆ ನೇರ ಎದುರಾಗಿ ನಿಲ್ಲಿಸಿದರು. ಒಂದು ವರ್ಷಕ್ಕೆ 15 ಅಕ್ಷರಕ್ಕಿಂತ ಕಡಿಮೆ ಕಳೆದುಕೊಂಡವರು ವರ್ಟೆಪೋರ್ಫಿನ್ ಗುಂಪಿನಲ್ಲಿ ಶೇ. 64.3, ರಾನಿಬಿಜುಮ್ಯಾಬ್ 0.5 ಮಿಲಿಗ್ರಾಂ ಗುಂಪಿನಲ್ಲಿ ಶೇ. 96.4. ವೈದ್ಯರ ಮನಸ್ಸನ್ನು ನಿಜವಾಗಿ ತಿರುಗಿಸಿದ್ದು ಮಾತ್ರ ಇನ್ನೊಂದು ಸಾಲು: 15 ಅಥವಾ ಹೆಚ್ಚು ಅಕ್ಷರಗಳನ್ನು ಮರಳಿ ಗಳಿಸಿದವರು ಮೊದಲ ಗುಂಪಿನಲ್ಲಿ ಶೇ. 5.6, ಎರಡನೆಯದರಲ್ಲಿ ಶೇ. 40.3. ಅದುವರೆಗೆ ನಷ್ಟವನ್ನು ನಿಧಾನಗೊಳಿಸುವುದೇ ಗುರಿಯಾಗಿದ್ದ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳುವುದು ಸಾಧ್ಯವಾಯಿತು. 2006ರ ಜೂನ್ ಕೊನೆಯಲ್ಲಿ ಅಮೆರಿಕ ಅದಕ್ಕೆ ಅನುಮೋದನೆ ಕೊಟ್ಟಿತು. ಅದೇ ವರ್ಗದ, ಮೂಲತಃ ಕ್ಯಾನ್ಸರ್ ಔಷಧವಾದ ಬೆವಾಸಿಜುಮ್ಯಾಬ್ ಕಡಿಮೆ ಬೆಲೆಯಲ್ಲಿ ಕಣ್ಣಿನ ಚಿಕಿತ್ಸೆಗೆ ಬಳಕೆಗೆ ಬಂದ ಮೇಲಂತೂ ವಿಸುಡೈನಿನ ಮಾರುಕಟ್ಟೆ ಕುಸಿಯಿತು. 2012ರಲ್ಲಿ ಕ್ಯುಎಲ್‌ಟಿ ಅದನ್ನು ವೇಲಿಯಂಟ್ ಕಂಪನಿಗೆ ಮಾರಿತು.

ಈ ಸೋಲನ್ನು ತಂತ್ರಜ್ಞಾನದ ಸೋಲೆಂದು ಬರೆದವರಿದ್ದಾರೆ, ನನಗೆ ಹಾಗನಿಸುವುದಿಲ್ಲ. ಎಲ್ಲಿ, ಯಾವಾಗ ಎಂಬ ಎರಡು ಪ್ರಶ್ನೆಗಳಿಗೆ ವಿಸುಡೈನ್ ಕೊಟ್ಟ ಉತ್ತರ ಅದರ ಪ್ರತಿಸ್ಪರ್ಧಿಯ ಉತ್ತರಕ್ಕಿಂತ ಬಹಳ ನಿಖರವಾಗಿತ್ತು. ಏನನ್ನು ತಡೆಯಬೇಕು ಎಂಬ ಮೂರನೆಯ ಪ್ರಶ್ನೆಯಲ್ಲಿ ಅದು ಹಿಂದೆ ಬಿತ್ತು. ನಿಖರವಾಗಿ ತಲುಪಿಸುವ ವ್ಯವಸ್ಥೆಯು ತಲುಪಿಸಿದ ವಸ್ತುವಿನ ಮಿತಿಯನ್ನು ಮೀರಲಾರದು.

ಉಳಿದ ಜಾಗಗಳು

ವೆಟ್ ಎಎಂಡಿಯಿಂದ ಹಿಂದೆ ಸರಿದ ಮೇಲೂ ವರ್ಟೆಪೋರ್ಫಿನ್ ಕಣ್ಮರೆಯಾಗಲಿಲ್ಲ. ಕೋರಾಯ್ಡಿನ ನಾಳಗಳ ತುದಿಯಲ್ಲಿ ಗುಳ್ಳೆಗಳಂತೆ ಉಬ್ಬು ಬರುವ ಪಾಲಿಪಾಯ್ಡಲ್ ಕಾಯಿಲೆ ಏಷ್ಯಾದವರಲ್ಲಿ ಯುರೋಪಿನವರಿಗಿಂತ ಹೆಚ್ಚು. ಅದರಲ್ಲಿ ಉಬ್ಬುಗಳನ್ನು ಮುಚ್ಚುವುದೇ ಮುಖ್ಯವಾದ್ದರಿಂದ, ನಾಳ ಮುಚ್ಚುವ ಔಷಧಕ್ಕೆ ಇಲ್ಲಿ ಬೆಲೆಯಿತ್ತು. 322 ಏಷ್ಯನ್ ರೋಗಿಗಳನ್ನು ಒಳಗೊಂಡ ಎವರೆಸ್ಟ್ 2 ಅಧ್ಯಯನದ ಒಂದು ವರ್ಷದ ಫಲಿತಾಂಶ 2017ರಲ್ಲಿ ಹೊರಬಂತು. ರಾನಿಬಿಜುಮ್ಯಾಬ್ ಒಂದನ್ನೇ ಪಡೆದವರು ಸರಾಸರಿ 5.1 ಅಕ್ಷರ ಗಳಿಸಿದರೆ, ಜೊತೆಗೆ ವರ್ಟೆಪೋರ್ಫಿನ್ ಮತ್ತು ಬೆಳಕನ್ನೂ ಪಡೆದವರು 8.3 ಅಕ್ಷರ ಗಳಿಸಿದರು. ಉಬ್ಬುಗಳು ಪೂರ್ತಿ ಮುಚ್ಚಿದ್ದು ಕ್ರಮವಾಗಿ ಶೇ. 34.7 ಮತ್ತು ಶೇ. 69.3 ಮಂದಿಯಲ್ಲಿ. ರೆಟಿನಾದ ಕೆಳಗೆ ದ್ರವ ನಿಲ್ಲುವ ಸೆಂಟ್ರಲ್ ಸೀರಸ್ ಕಾಯಿಲೆ ಬಹುಕಾಲ ಉಳಿದಾಗಲೂ ಅರ್ಧ ಡೋಸಿನಲ್ಲಿ ಇದನ್ನು ಕೊಡುವ ಪದ್ಧತಿ ಬೆಳೆಯಿತು. ಮಾರಾಟ ಕುಗ್ಗಿದ ಔಷಧಗಳ ಹಣೆಬರಹ ಇದಕ್ಕೂ ತಪ್ಪಲಿಲ್ಲ: 2021ರ ಸುಮಾರಿಗೆ ಅನೇಕ ದೇಶಗಳಲ್ಲಿ ವರ್ಟೆಪೋರ್ಫಿನ್ ಸಿಗುವುದೇ ಕಷ್ಟವಾಯಿತು, ಪರ್ಯಾಯವಿಲ್ಲದ ರೋಗಿಗಳಿಗಾಗಿ ಇದ್ದುದನ್ನು ಎಣಿಸಿ ಬಳಸಬೇಕಾಯಿತು.

ಪೊರೆಯನ್ನೇ ತೆರೆಯುವ ಪ್ರಯತ್ನ

ಬೆಳಕು ಲೈಪೋಸೋಮಿನ ಪೊರೆಯನ್ನೇ ತೆರೆಯಬೇಕೆಂಬ ಪ್ರಯತ್ನ ವಿಸುಡೈನಿನ ಆಚೆಗೆ ಮುಂದುವರಿದಿದೆ. ಬಫಲೋ ವಿಶ್ವವಿದ್ಯಾಲಯದ ಜೊನಾಥನ್ ಲೊವೆಲ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ಹೋಲಿಕೆಗೆ ಯೋಗ್ಯವಾದುದು. ಅವರು ಬೆಳಕು ಹೀರುವ ಪಾರ್ಫಿರಿನ್ ಅಣುವನ್ನು ಫಾಸ್ಫೋಲಿಪಿಡ್ಡಿಗೇ ರಾಸಾಯನಿಕವಾಗಿ ಜೋಡಿಸಿ, ಅದನ್ನು ಪೊರೆಯ ಭಾಗವಾಗಿಸಿದರು. ಪೊರೆಯ ಅಣುಗಳಲ್ಲಿ ಶೇ. 10ರಷ್ಟು ಇಂಥವಿದ್ದರೆ, ಕೆಂಪು ಅಂಚಿನ ಬೆಳಕು ಬಿದ್ದಾಗ ಪೊರೆ ಬಿಸಿಯಾಗದೆಯೇ ತೂತಾಗುತ್ತದೆ, ಬೆಳಕು ನಿಂತಾಗ ಮತ್ತೆ ಮುಚ್ಚಿಕೊಳ್ಳುತ್ತದೆ. ಒಳಗೆ ತುಂಬಿದ್ದ ಡಾಕ್ಸೊರೂಬಿಸಿನ್ ಎಂಬ ಕ್ಯಾನ್ಸರ್ ಔಷಧ ಇಲಿಗಳ ಗೆಡ್ಡೆಯಲ್ಲಿ, ಬೆಳಕು ಬಿದ್ದಾಗ ಹೆಚ್ಚಾಗಿ ಸೇರಿತು. ವಿಸುಡೈನಿನಲ್ಲಿ ಇಲ್ಲದ್ದು ಇಲ್ಲಿದೆ: ಬೆಳಕು ಬೀಳುವವರೆಗೆ ಸರಕನ್ನು ಹಿಡಿದಿಡುವ ಗಟ್ಟಿ ವಾಹನ, ಮತ್ತು ಸರಕನ್ನು ಬದಲಾಯಿಸುವ ಸ್ವಾತಂತ್ರ್ಯ. ಏನನ್ನು ತಡೆಯಬೇಕು ಎಂಬ ಪ್ರಶ್ನೆಗೆ ಒಂದೇ ಅಣುವಿನ ಉತ್ತರಕ್ಕೆ ಕಟ್ಟುಬೀಳಬೇಕಾಗಿಲ್ಲ.

ಆದರೆ ವಿಸುಡೈನಿಗೆ ಒದಗಿಬಂದ ಎರಡು ಅನುಕೂಲಗಳು ಈ ವಿನ್ಯಾಸಕ್ಕೆ ತಾನಾಗಿ ಸಿಗುವುದಿಲ್ಲ. ಮೊದಲನೆಯದು ಕಣ್ಣು. ದೇಹದಲ್ಲಿ ಬೆಳಕನ್ನು ಒಳಗೆ ಬಿಟ್ಟುಕೊಳ್ಳಲೆಂದೇ ಇರುವ ಅಂಗ ಅದೊಂದೇ. ಬೇರೆಡೆ ಕೆಂಪು ಬೆಳಕು ಕೆಲವು ಮಿಲಿಮೀಟರ್ ಸಾಗುವುದರಲ್ಲೇ ಚದುರಿ ಕ್ಷೀಣಿಸುತ್ತದೆ, ಆಳದ ಗೆಡ್ಡೆಗೆ ಫೈಬರ್ ತೂರಿಸಬೇಕಾಗುತ್ತದೆ. ಎರಡನೆಯದು ಔಷಧದ ಸ್ವಭಾವ. ಬೆಳಕಿಲ್ಲದ ವರ್ಟೆಪೋರ್ಫಿನ್ ಬಹುಮಟ್ಟಿಗೆ ಸುಮ್ಮನಿರುತ್ತದೆ, ದೀಪ ಆರಿದ ಕ್ಷಣವೇ ಅದರ ಕೆಲಸವೂ ನಿಲ್ಲುತ್ತದೆ. ಡಾಕ್ಸೊರೂಬಿಸಿನ್ ಹಾಗಲ್ಲ. ಲೈಪೋಸೋಮಿನಿಂದ ಹೊರಬಿದ್ದ ಮೇಲೆ ಅದಕ್ಕೆ ದೀಪದ ಹಂಗಿಲ್ಲ, ಬಿಡುಗಡೆಯಾದ ಜಾಗದಿಂದ ರಕ್ತದೊಡನೆ ಮುಂದೆ ಹರಿದುಹೋಗಬಹುದು. ಬೆಳಕು ಕಾಣದೆ ಉಳಿದ ಲೈಪೋಸೋಮುಗಳೂ ಕೊನೆಗೆ ಯಕೃತ್ತು, ಗುಲ್ಮಗಳಲ್ಲಿ ತಮ್ಮ ಸರಕನ್ನು ಇಳಿಸುತ್ತವೆ. ಅಂಥ ಔಷಧವನ್ನು ಪರೀಕ್ಷಿಸುವಾಗ ಬೆಳಕು ಬಿದ್ದ ಜಾಗದಲ್ಲಿ ಎಷ್ಟು ಸೇರಿತು ಎಂಬುದರ ಜೊತೆಗೆ, ಬೆಳಕು ಬೀಳದ ಅಂಗಗಳಲ್ಲಿ ಎಷ್ಟು ಇಳಿಯಿತು ಎಂಬುದನ್ನೂ ಅಷ್ಟೇ ಎಚ್ಚರದಿಂದ ಅಳೆಯಬೇಕಾಗುತ್ತದೆ.